ಮುಟ್ಟಿನ ಪಾಠದಲ್ಲಿ ಬೆಲೆಯ ಪ್ರಶ್ನೆ: ಎಂಟನೇ ತರಗತಿಯ ಒಂದು ಅಭ್ಯಾಸ ಬೋಧನೆಯ ಅವಲೋಕನ

ಪೀಠಿಕೆ

ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಪಾಠಗಳನ್ನು ಹಂಚಿಕೊಳ್ಳುವಾಗ ಪ್ರತಿ ವರ್ಷವೂ ಒಂದು ಪಾಠ ಕೊನೆಗೆ ಉಳಿದುಬಿಡುತ್ತದೆ. ಅದು ಎಂಟನೇ ತರಗತಿಯ ಹದಿಹರೆಯದ ಪಾಠ. ಅದರಲ್ಲಿಯೂ ಋತುಚಕ್ರದ ಭಾಗವನ್ನು ಹುಡುಗ ಹುಡುಗಿಯರು ಒಟ್ಟಿಗೆ ಕುಳಿತ ತರಗತಿಯಲ್ಲಿ ಹೇಗೆ ಹೇಳುವುದು ಎಂಬ ಸಂಕೋಚ ಎಲ್ಲರಿಗೂ ಇರುತ್ತದೆ. ನಮ್ಮ ಕಾಲೇಜಿನಲ್ಲಿ ನಾವು ಈ ಸಂಕೋಚವನ್ನು ಕಳೆಯುವುದಕ್ಕೆ ಸಾಕಷ್ಟು ಶ್ರಮಪಡುತ್ತೇವೆ. 'ಮುಟ್ಟು' ಎಂಬ ಪದವನ್ನು ಬಾಯಿಬಿಟ್ಟು ಹೇಳಿಸುತ್ತೇವೆ, ಚಿತ್ರಪಟ ಬರೆಸುತ್ತೇವೆ, ಸೂಕ್ಷ್ಮ ಬೋಧನೆಯಲ್ಲಿ ಎರಡು ಬಾರಿ ಅಭ್ಯಾಸ ಮಾಡಿಸುತ್ತೇವೆ. ಸಂಕೋಚವಿಲ್ಲದೆ ಹೇಳಿದರೆ ಪಾಠ ಗೆದ್ದಿತು ಎಂದೇ ನಾನು ಹಲವು ವರ್ಷ ತಿಳಿದಿದ್ದೆ.

ಸಂಕೋಚ ಕಳೆದ ಮೇಲೂ ಈ ಪಾಠದಲ್ಲಿ ಒಂದು ಕೊರತೆ ಉಳಿಯುತ್ತದೆ ಎಂದು ನನಗೆ ತೋರಿಸಿಕೊಟ್ಟದ್ದು ಒಂದು ಸರ್ಕಾರಿ ಪ್ರೌಢಶಾಲೆಯ ತರಗತಿ. ನಾವು ಸ್ವಚ್ಛತೆಯನ್ನು ಕಲಿಸುತ್ತೇವೆ, ಸ್ವಚ್ಛತೆಯ ಬೆಲೆಯನ್ನು ಕಲಿಸುವುದಿಲ್ಲ. ಆ ಬೆಲೆ ಕೊಡಲಾಗದ ಮನೆಯ ಹುಡುಗಿಗೆ ನಮ್ಮ ಪಾಠ ತನ್ನ ತಪ್ಪಿನ ಪಟ್ಟಿಯಂತೆ ಕೇಳಿಸುತ್ತದೆ. ಈ ಲೇಖನದಲ್ಲಿ ಆ ತರಗತಿಯಲ್ಲಿ ನಡೆದದ್ದನ್ನೂ ಅನಂತರ ನಾವು ಮರುಯೋಜಿಸಿದ ಪಾಠವನ್ನೂ ವಿವರಿಸಿದ್ದೇನೆ. ಶಾಲೆ ಮತ್ತು ಮಕ್ಕಳ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲ ಪಾಠ ಮತ್ತು ಒಂದು ಚೀಟಿ

ತರಗತಿಯಲ್ಲಿ 34 ಮಕ್ಕಳಿದ್ದರು. ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಒಳ್ಳೆಯ ತಯಾರಿಯೊಂದಿಗೆ ಬಂದಿದ್ದರು. ಋತುಚಕ್ರದ ಹಂತಗಳನ್ನು ಚಿತ್ರಪಟದ ಮೂಲಕ ವಿವರಿಸಿದರು. ಹುಡುಗರ ಸಾಲಿನಲ್ಲಿ ಮೂಡಿದ ಗುಸುಗುಸುವನ್ನು ಗದರದೆ, ಅವರಿಗೇ ಒಂದು ಪ್ರಶ್ನೆ ಹಾಕಿ ತಣ್ಣಗಾಗಿಸಿದರು. ಕೊನೆಗೆ ಕಪ್ಪುಹಲಗೆಯ ಮೇಲೆ ಮೂರು ಸೂಚನೆ ಬರೆದರು: ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಾಯಿಸಬೇಕು, ಬಟ್ಟೆ ಬಳಸಬಾರದು, ಮುಟ್ಟಿನ ದಿನಗಳಲ್ಲಿಯೂ ಶಾಲೆ ತಪ್ಪಿಸಬಾರದು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಣಾ ಪತ್ರದಲ್ಲಿ 'ವಿಷಯ ನಿರೂಪಣೆ: ಅತ್ಯುತ್ತಮ' ಎಂದು ಗುರುತು ಹಾಕಿದೆ.

ಪಾಠದ ಕೊನೆಯ ಐದು ನಿಮಿಷ ಚೀಟಿ ಚಟುವಟಿಕೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ. ಪ್ರಶ್ನೆ ಇದ್ದವರು ಪ್ರಶ್ನೆ ಬರೆಯಬೇಕು, ಇಲ್ಲದವರು ಹಲಗೆಯ ಮೇಲಿನ ಒಂದು ವಾಕ್ಯವನ್ನು ನಕಲು ಮಾಡಬೇಕು. ಹೀಗೆ ಎಲ್ಲರ ಪೆನ್ನೂ ಓಡುವುದರಿಂದ ಯಾರು ಪ್ರಶ್ನೆ ಕೇಳಿದರು ಎಂದು ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನದ ಊಟದ ವೇಳೆಯಲ್ಲಿ ನಾವಿಬ್ಬರೂ ಆ ಚೀಟಿಗಳನ್ನು ಓದುತ್ತಿದ್ದೆವು. ಒಂದರಲ್ಲಿ ಹೀಗಿತ್ತು (ಮಾತನ್ನು ಸ್ವಲ್ಪ ಬದಲಿಸಿದ್ದೇನೆ):

"ಮಿಸ್, ಒಂದೇ ಪ್ಯಾಡು ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಇಟ್ಕೊಂಡ್ರೆ ಕಾಯಿಲೆ ಬರುತ್ತಾ? ನಮ್ಮನೇಲಿ ಅಮ್ಮ, ಅಕ್ಕ, ನಾನು ಮೂರು ಜನ. ಒಂದೇ ಪ್ಯಾಕೆಟ್ಟು ತರೋದು. ಅಮ್ಮ ಬಟ್ಟೆನೇ ಹಾಕ್ಕೊಳ್ಳೋದು. ಅಮ್ಮಂಗೂ ಕಾಯಿಲೆ ಬರುತ್ತಾ?"

ಪ್ರಶಿಕ್ಷಣಾರ್ಥಿ ಚೀಟಿಯನ್ನು ಎರಡು ಸಲ ಓದಿದರು. "ಮೇಡಂ, ನಾನು ಈ ಮಗೂಗೆ ಏನು ಹೇಳಿಕೊಟ್ಟ ಹಾಗಾಯ್ತು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಹಲಗೆಯ ಮೇಲಿನ ಮೂರು ಸೂಚನೆಗಳನ್ನು ಆ ಹುಡುಗಿಯ ಸ್ಥಾನದಲ್ಲಿ ಕುಳಿತು ಮತ್ತೆ ಓದಿದೆ. ಮೊದಲನೆಯದನ್ನು ಪಾಲಿಸಲು ಅವಳ ಬಳಿ ಪ್ಯಾಡ್ ಇಲ್ಲ. ಎರಡನೆಯದು ಅವಳ ತಾಯಿ ದಿನವೂ ಮಾಡುವುದನ್ನು ತಪ್ಪು ಎನ್ನುತ್ತದೆ. ಮೊದಲ ಎರಡು ಸಾಧ್ಯವಾಗದ ಮೇಲೆ ಮೂರನೆಯದೂ ಅವಳ ಕೈಯಲ್ಲಿಲ್ಲ. ನಾನು 'ಅತ್ಯುತ್ತಮ' ಎಂದು ಗುರುತು ಹಾಕಿದ್ದು ಇದಕ್ಕೆ.

ಬೋಧಕರಿಗೆ ಬೇಕಾದ ವಿಷಯಜ್ಞಾನ

ಪಾಠವನ್ನು ತಿದ್ದುವ ಮೊದಲು ನಾವೇ ಕೆಲವು ಸಂಗತಿಗಳನ್ನು ಸರಿಯಾಗಿ ತಿಳಿದುಕೊಳ್ಳಬೇಕಾಯಿತು. ಈ ಪಾಠ ಮಾಡುವ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಇವು ಗೊತ್ತಿರಬೇಕು.

ಬಟ್ಟೆಯ ವಿಚಾರ: ಬಟ್ಟೆ ತಾನಾಗಿಯೇ ಕೆಟ್ಟದ್ದಲ್ಲ. ಸೋಪು ಹಾಕಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಸಕಾಲಕ್ಕೆ ಬದಲಾಯಿಸುವ ಹತ್ತಿಬಟ್ಟೆ ಸುರಕ್ಷಿತವೇ. ತೊಂದರೆ ಬರುವುದು ಒದ್ದೆ ಬಟ್ಟೆಯಿಂದ. ನಮ್ಮ ಬಹುಪಾಲು ಮನೆಗಳಲ್ಲಿ ಮುಟ್ಟಿನ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಸೀರೆಯ ಅಡಿಯಲ್ಲಿಯೋ ಬಚ್ಚಲ ಮೂಲೆಯಲ್ಲಿಯೋ ಹರವುತ್ತಾರೆ. ಅದಕ್ಕೆ ಬಿಸಿಲು ತಾಗುವುದಿಲ್ಲ. ಆದ್ದರಿಂದ 'ಬಟ್ಟೆ ಬಳಸಬಾರದು' ಎನ್ನುವ ಬದಲು 'ಬಟ್ಟೆಗೆ ಬಿಸಿಲು ಕಾಣಿಸಬೇಕು' ಎನ್ನುವುದು ವಿಜ್ಞಾನಕ್ಕೂ ಸರಿ, ಮಗುವಿನ ತಾಯಿಯ ಗೌರವಕ್ಕೂ ಸರಿ.

ಸರ್ಕಾರದ ಯೋಜನೆಗಳು: ಕೇಂದ್ರ ಸರ್ಕಾರ 2011ರಲ್ಲಿ ಆರಂಭಿಸಿದ ಋತುಸ್ರಾವ ನೈರ್ಮಲ್ಯ ಯೋಜನೆಯಲ್ಲಿ ಗ್ರಾಮೀಣ ಹದಿಹರೆಯದ ಹುಡುಗಿಯರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಆರು ಪ್ಯಾಡ್‌ಗಳ ಪೊಟ್ಟಣವನ್ನು 6 ರೂಪಾಯಿಗೆ ಕೊಡಲಾಗುತ್ತಿತ್ತು. ಕರ್ನಾಟಕದಲ್ಲಿ 2013-14ರಿಂದ 'ಶುಚಿ' ಯೋಜನೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ, ವಸತಿನಿಲಯಗಳ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ವಿತರಣೆಯಾಯಿತು. ತಿಂಗಳಿಗೆ 10 ಪ್ಯಾಡ್‌ಗಳ ಒಂದು ಪೊಟ್ಟಣ ಅದರ ಲೆಕ್ಕ. ಕೋವಿಡ್ ಕಾಲದಿಂದ ನಿಂತಿದ್ದ ವಿತರಣೆಗೆ 2024ರಲ್ಲಿ ಮರುಚಾಲನೆ ದೊರೆಯಿತು. ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಮುಟ್ಟಿನ ಕಪ್ಪನ್ನು ಪ್ರಾಯೋಗಿಕವಾಗಿ ಕೊಡಲಾಯಿತು. ಒಂದು ಕಪ್ ಹಲವು ವರ್ಷ ಬಾಳುತ್ತದೆ. ಆದರೆ ಅದನ್ನು ತೊಳೆಯಲು ಶುದ್ಧ ನೀರು, ಬಾಗಿಲಿರುವ ಶೌಚಾಲಯ ಮತ್ತು ಬಳಕೆಯ ತಿಳಿವಳಿಕೆ ಬೇಕು. ಜನೌಷಧಿ ಕೇಂದ್ರಗಳಲ್ಲಿ 'ಸುವಿಧಾ' ಪ್ಯಾಡ್ 2019ರ ಆಗಸ್ಟ್‌ನಿಂದ ಒಂದಕ್ಕೆ 1 ರೂಪಾಯಿಯಂತೆ ಸಿಗುತ್ತಿದೆ.

ತೆರಿಗೆ: 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಪ್ಯಾಡ್‌ಗಳ ಮೇಲೆ ಶೇ. 12 ತೆರಿಗೆ ಬಿತ್ತು. ವ್ಯಾಪಕ ವಿರೋಧದ ನಂತರ 2018ರ ಜುಲೈಯಲ್ಲಿ ಅದನ್ನು ಪೂರ್ತಿ ತೆಗೆಯಲಾಯಿತು. ಆದರೂ ತಯಾರಕರು ಕಚ್ಚಾವಸ್ತುಗಳಿಗೆ ಕೊಡುವ ತೆರಿಗೆ ಹಾಗೆಯೇ ಉಳಿಯಿತು, ಅದನ್ನು ಹಿಂಪಡೆಯುವ ಅವಕಾಶವೂ ಹೋಯಿತು. ಹಾಗಾಗಿ ತೆರಿಗೆ ಹೋದಷ್ಟೇ ಪ್ರಮಾಣದಲ್ಲಿ ಅಂಗಡಿಯ ಬೆಲೆ ಇಳಿಯುತ್ತದೆಂದು ಹೇಳಲಾಗದು.

ಅಂಕಿಅಂಶ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವಯಸ್ಸಿನವರಲ್ಲಿ ಮುಟ್ಟಿನ ಸಮಯದಲ್ಲಿ ನೈರ್ಮಲ್ಯದ ವಿಧಾನ ಬಳಸುವವರು 2015-16ರಲ್ಲಿ ಸುಮಾರು ಶೇ. 58 ಇದ್ದರು, 2019-21ರಲ್ಲಿ ಸುಮಾರು ಶೇ. 77 ಆದರು. ಇದು ದೊಡ್ಡ ಏರಿಕೆ. ಆದರೆ ಈ ಅಂಕಿ ಯಾವ ವಿಧಾನ ಎಂಬುದನ್ನು ಮಾತ್ರ ಹೇಳುತ್ತದೆ. ದಿನಕ್ಕೆ ಒಂದೇ ಪ್ಯಾಡ್ ಇಟ್ಟುಕೊಳ್ಳುವ ನಮ್ಮ ಚೀಟಿಯ ಹುಡುಗಿಯೂ ಈ ಲೆಕ್ಕದಲ್ಲಿ 'ನೈರ್ಮಲ್ಯದ ವಿಧಾನ ಬಳಸುವವಳು' ಎಂದೇ ಸೇರುತ್ತಾಳೆ. ಪ್ರಶಿಕ್ಷಣಾರ್ಥಿಗಳು ಅಂಕಿಅಂಶವನ್ನು ಓದುವಾಗ ಅದು ಏನನ್ನು ಎಣಿಸಿದೆ, ಏನನ್ನು ಎಣಿಸಿಲ್ಲ ಎಂದು ಕೇಳುವ ಅಭ್ಯಾಸಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಮರುಯೋಜಿಸಿದ ಪಾಠ

ಒಂದು ವಾರದ ನಂತರ ಅದೇ ತರಗತಿಯಲ್ಲಿ ಎರಡು ಅವಧಿಗಳ ಪಾಠವನ್ನು ಯೋಜಿಸಿದೆವು. ವಿಜ್ಞಾನದ ಜೊತೆಗೆ ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರು ಕೈಜೋಡಿಸಿದರು. ಕಲಿಕೆಯ ಉದ್ದೇಶಗಳು ಮೂರು:

1. ಒಂದು ಋತುಚಕ್ರಕ್ಕೆ ಬೇಕಾಗುವ ಪ್ಯಾಡ್‌ಗಳ ಸಂಖ್ಯೆ ಮತ್ತು ವೆಚ್ಚವನ್ನು ಲೆಕ್ಕ ಹಾಕುವುದು.
2. ಒಬ್ಬರಿಗೆ ಈ ವಸ್ತುಗಳು ಸಿಗದಿರಲು ಇರುವ ಕಾರಣಗಳನ್ನು ಪಟ್ಟಿ ಮಾಡುವುದು.
3. ಬಟ್ಟೆ, ಪ್ಯಾಡ್, ಕಪ್ ಇವುಗಳಲ್ಲಿ ಯಾವುದು ಯಾವ ಸೌಲಭ್ಯವನ್ನು ಬೇಡುತ್ತದೆ ಎಂದು ಹೋಲಿಸುವುದು.

ಇಲ್ಲೊಂದು ಎಚ್ಚರಿಕೆ. ಪ್ರಶಿಕ್ಷಣಾರ್ಥಿಯ ಮೊದಲ ಕರಡಿನಲ್ಲಿ ಲೆಕ್ಕದ ಕುಟುಂಬದಲ್ಲಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರು. ಅದು ಚೀಟಿಯ ಮನೆಯೇ. ಬರೆದ ಹುಡುಗಿ ತಕ್ಷಣ ಗುರುತಿಸುತ್ತಿದ್ದಳು. ಅದನ್ನು ತಾಯಿ ಮತ್ತು ಒಬ್ಬ ಮಗಳ ಮನೆಯೆಂದು ತಿದ್ದಿದೆವು. ಮಗು ನಮ್ಮನ್ನು ನಂಬಿ ಬರೆದದ್ದನ್ನು ಉದಾಹರಣೆಯಾಗಿ ಬಳಸುವಾಗ ಆ ಮಗುವೇ ಅದರಲ್ಲಿ ಕಾಣಬಾರದು.

ಮೊದಲ ಹಂತ, ತಿದ್ದುಪಡಿ (5 ನಿಮಿಷ): ಪ್ರಶಿಕ್ಷಣಾರ್ಥಿ ಮೊದಲಿಗೇ ಹೇಳಿದರು: "ಹೋದ ವಾರ ನಾನು ಬಟ್ಟೆ ಬಳಸಬಾರದು ಅಂತ ಬರೆದಿದ್ದೆ. ಅದು ಪೂರ್ತಿ ಸರಿಯಲ್ಲ. ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಯಿಂದ ಕಾಯಿಲೆ ಬರಲ್ಲ. ನಿಮ್ಮ ಅಮ್ಮ, ಅಜ್ಜಿ ಎಲ್ಲರೂ ಹೀಗೇ ಮಾಡ್ಕೊಂಡು ಬಂದವರು." ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ, "ಹಂಗಾದ್ರೆ ಬಿಸಿಲಲ್ಲಿ ಒಣಗಾಕಿದ್ರೆ ನೋಡ್ದೋರು ಏನಂತಾರೆ ಮಿಸ್?" ಎಂದಳು. ಇದೇ ಮುಂದಿನ ಚರ್ಚೆಗೆ ಬೀಜವಾಯಿತು.

ಎರಡನೆಯ ಹಂತ, ಲೆಕ್ಕ (30 ನಿಮಿಷ): ಪ್ರಶಿಕ್ಷಣಾರ್ಥಿ ಊರಿನ ಅಂಗಡಿಯಿಂದ 8 ಪ್ಯಾಡ್‌ಗಳ ಒಂದು ಪೊಟ್ಟಣವನ್ನು 40 ರೂಪಾಯಿಗೆ ತಂದಿದ್ದರು. ಅಂಗಡಿಯವರು ಅದನ್ನು ಪತ್ರಿಕೆಯಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಟ್ಟಿದ್ದರು. ಅದನ್ನು ಹಾಗೆಯೇ ಮೇಜಿನ ಮೇಲಿಟ್ಟು, ತರಗತಿಯ ಎದುರಿಗೇ ಬಿಚ್ಚಿದರು. ಹಲಗೆಯ ಮೇಲೆ ಲೆಕ್ಕ ಹೀಗೆ ಬೆಳೆಯಿತು:

6 ಗಂಟೆಗೊಮ್ಮೆ ಬದಲಾಯಿಸಿದರೆ ದಿನಕ್ಕೆ 4 ಪ್ಯಾಡ್. ಐದು ದಿನಕ್ಕೆ 20.
ಒಂದು ಪ್ಯಾಡಿಗೆ 5 ರೂಪಾಯಿ. ಒಬ್ಬರಿಗೆ ತಿಂಗಳಿಗೆ 100 ರೂಪಾಯಿ, ವರ್ಷಕ್ಕೆ 1,200 ರೂಪಾಯಿ.
ಮನೆಯಲ್ಲಿ ಇಬ್ಬರಿದ್ದರೆ ವರ್ಷಕ್ಕೆ 2,400 ರೂಪಾಯಿ.
2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. 2,400ನ್ನು 370ರಿಂದ ಭಾಗಿಸಿದರೆ ಸುಮಾರು ಆರೂವರೆ ದಿನದ ಕೂಲಿ.

ಎಲ್ಲರಿಗೂ ಐದು ದಿನ, ನಾಲ್ಕು ಪ್ಯಾಡ್ ಬೇಕಾಗುವುದಿಲ್ಲ, ಸ್ರಾವ ಕಡಿಮೆಯಾದ ದಿನಗಳಲ್ಲಿ ಎರಡು ಮೂರು ಸಾಕಾಗಬಹುದು ಎಂಬುದನ್ನು ಪ್ರಶಿಕ್ಷಣಾರ್ಥಿ ಸ್ಪಷ್ಟಪಡಿಸಿದರು. ಆದರೆ ನಾವು ಹಲಗೆಯ ಮೇಲೆ ಬರೆದ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಇಷ್ಟು ಬೇಕು. ಮುಂದಿನ ಪ್ರಶ್ನೆ ಒಬ್ಬ ಹುಡುಗನಿಂದ ಬಂತು: "ಸ್ಕೂಲಲ್ಲಿ ಕೊಡೋದು ಹತ್ತೇ ಅಲ್ವಾ ಮಿಸ್? ಇನ್ನು ಹತ್ತಕ್ಕೆ ಏನ್ಮಾಡ್ಬೇಕು?" ಋತುಚಕ್ರ ಎಂದರೆ ಗುಸುಗುಸು ಎನ್ನುತ್ತಿದ್ದ ಅದೇ ಸಾಲು. ಲೆಕ್ಕ ಎದುರಿಗೆ ಬಂದ ಮೇಲೆ ಅವರಿಗೆ ಇದು ಮನೆಯ ಖರ್ಚಿನ ವಿಷಯವಾಯಿತು, ನಾಚಿಕೆಯ ವಿಷಯವಾಗಿ ಉಳಿಯಲಿಲ್ಲ.

ಮೂರನೆಯ ಹಂತ, ಸಿಗದಿರಲು ಕಾರಣ (25 ನಿಮಿಷ): ಜನೌಷಧಿ ಕೇಂದ್ರದಲ್ಲಿ ಒಂದು ಪ್ಯಾಡಿಗೆ 1 ರೂಪಾಯಿ ಎಂದಾಗ ತರಗತಿಗೆ ಅಚ್ಚರಿಯಾಯಿತು. ಹಾಗಾದರೆ ಇಬ್ಬರಿಗೆ ವರ್ಷಕ್ಕೆ 480 ರೂಪಾಯಿ ಸಾಕು. ಎಲ್ಲರೂ ಅಲ್ಲಿಂದಲೇ ಏಕೆ ತರುವುದಿಲ್ಲ? ಗುಂಪುಗಳಲ್ಲಿ ಚರ್ಚೆ ನಡೆಯಿತು. ಕೇಂದ್ರ ಇರುವುದು ತಾಲ್ಲೂಕು ಕೇಂದ್ರದಲ್ಲಿ. "ಶಕ್ತಿ ಯೋಜನೆಲಿ ಅಮ್ಮಂಗೆ ಬಸ್ಸು ಫ್ರೀ" ಎಂದ ಒಬ್ಬ ಹುಡುಗ. "ಬಸ್ಸು ಫ್ರೀ ಕಣೋ, ಆವತ್ತಿನ ಕೂಲಿ ಯಾರು ಕೊಡ್ತಾರೆ?" ಎಂದಳು ಪಕ್ಕದ ಗುಂಪಿನ ಹುಡುಗಿ. ಇನ್ನೊಂದು ಗುಂಪು, ಮನೆಯಲ್ಲಿ ದುಡ್ಡು ಇಟ್ಟುಕೊಳ್ಳುವವರು ಅಪ್ಪ, ಅವರನ್ನು ಕೇಳಲು ಆಗುವುದಿಲ್ಲ ಎಂದು ಬರೆಯಿತು. ಮತ್ತೊಂದು ಗುಂಪು, ಅಂಗಡಿಯಲ್ಲಿ ಗಂಡಸರು ನಿಂತಿರುತ್ತಾರೆ ಎಂದು ಬರೆಯಿತು. ಹಲಗೆಯ ಮೇಲೆ ಕೊನೆಗೆ ನಾಲ್ಕು ಪದಗಳು ಉಳಿದವು: ಬೆಲೆ, ದೂರ, ಕೇಳುವ ಸಂಕೋಚ, ನೀರು. ನಾಲ್ಕನೆಯದು ಕಪ್ ಮತ್ತು ಬಟ್ಟೆಯ ಹೋಲಿಕೆಯಿಂದ ಬಂದದ್ದು.

ಕೊನೆಯ ಹಂತ, ಬೇರೆಡೆ ಹೇಗೆ (10 ನಿಮಿಷ): ಬಡತನದಿಂದ ಪ್ಯಾಡ್ ಸಿಗದಿರುವುದು ನಮ್ಮ ಊರಿನ ಕಷ್ಟ ಮಾತ್ರವಲ್ಲ, ಶ್ರೀಮಂತ ದೇಶಗಳಲ್ಲಿಯೂ ಇದೆ ಎಂದು ತಿಳಿಸಲು ಸ್ಕಾಟ್ಲೆಂಡಿನ ಉದಾಹರಣೆ ಕೊಡಲಾಯಿತು. ಅಲ್ಲಿನ ಸಂಸತ್ತು 2020ರ ನವೆಂಬರ್‌ನಲ್ಲಿ ಒಮ್ಮತದಿಂದ ಒಪ್ಪಿದ ಕಾನೂನು 2022ರ ಆಗಸ್ಟ್ 15ರಿಂದ ಪೂರ್ತಿ ಜಾರಿಯಾಯಿತು. ಬೇಕಾದ ಯಾರಿಗೇ ಆದರೂ ಸ್ಥಳೀಯ ಆಡಳಿತಗಳು ಮತ್ತು ಶಿಕ್ಷಣ ಸಂಸ್ಥೆಗಳು ಮುಟ್ಟಿನ ಸಾಮಗ್ರಿಗಳನ್ನು ಉಚಿತವಾಗಿ ಒದಗಿಸಬೇಕು. ಅಷ್ಟೇ ಅಲ್ಲ, ಅವು ಸುಲಭವಾಗಿ ಸಿಗಬೇಕು, ಪಡೆಯುವವರ ಘನತೆಗೆ ಕುಂದು ಬರಬಾರದು ಎಂಬುದೂ ಆ ಕಾನೂನಿನಲ್ಲಿದೆ. ನಮ್ಮಲ್ಲಿಯೂ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಶಾಲಾ ಬಾಲಕಿಯರ ಮುಟ್ಟಿನ ನೈರ್ಮಲ್ಯಕ್ಕೆ ದೇಶದಾದ್ಯಂತ ಏಕರೂಪದ ನೀತಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಇದನ್ನು ದಾನ ಎಂದಲ್ಲ, ಹಕ್ಕು ಎಂದು ನೋಡುವ ದಾರಿಗೆ ಮಕ್ಕಳನ್ನು ತರುವುದು ಈ ಹಂತದ ಉದ್ದೇಶ.

ಬೀರುವಿನ ಬೀಗ

'ಕೇಳುವ ಸಂಕೋಚ' ಎಂಬ ಪದ ಹಲಗೆಯ ಮೇಲೆ ಬಂದಾಗ ನನಗೆ ಶಾಲೆಯ ಕಚೇರಿ ನೆನಪಾಯಿತು. ಶಾಲೆಗೆ ಬಂದ ಪ್ಯಾಡ್ ಪೊಟ್ಟಣಗಳು ಅಲ್ಲಿನ ಕಬ್ಬಿಣದ ಬೀರುವಿನಲ್ಲಿದ್ದವು. ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ. ಬೇಕಾದ ಹುಡುಗಿ ಕಚೇರಿಗೆ ಬಂದು, ಕೇಳಿ, ವಹಿಯಲ್ಲಿ ಸಹಿ ಮಾಡಿ ಪಡೆಯಬೇಕು. ಮುಖ್ಯೋಪಾಧ್ಯಾಯರು ಒಳ್ಳೆಯವರು. "ನಾನು ಯಾರಿಗೂ ಇಲ್ಲ ಅಂದಿಲ್ಲ ಮೇಡಂ. ಅವರೇ ಕೇಳೋಕೆ ಬರಲ್ಲ" ಎಂದರು. ಅವರ ಮಾತು ನಿಜ. ಬೀರುವಿನಲ್ಲಿ ಪೊಟ್ಟಣಗಳು ಉಳಿದಿದ್ದವು, ತರಗತಿಯಲ್ಲಿ ಒಂದೇ ಪ್ಯಾಡಿನಲ್ಲಿ ದಿನ ಕಳೆಯುವ ಹುಡುಗಿಯೂ ಇದ್ದಳು.

ಸರ್ಕಾರಿ ದಾಸ್ತಾನಿಗೆ ಲೆಕ್ಕ ಇಡಲೇಬೇಕು, ಅದು ಅವರ ಹೊಣೆ. ಆದ್ದರಿಂದ ಎರಡು ಬದಲಾವಣೆಗಳಿಗೆ ಅವರನ್ನು ಒಪ್ಪಿಸಿದೆವು. ಒಂದು, ತಿಂಗಳ ಪೊಟ್ಟಣವನ್ನು ಕೇಳಿದವರಿಗೆ ಕೊಡುವ ಬದಲು ಒಂದೇ ದಿನ ತರಗತಿಯ ಎಲ್ಲ ಹುಡುಗಿಯರಿಗೂ ಹಾಜರಿ ಕರೆದು ಶಿಕ್ಷಕಿಯೊಬ್ಬರು ಹಂಚುವುದು. ಎಲ್ಲರಿಗೂ ಕೊಟ್ಟಾಗ ಯಾರೂ ಕೇಳಬೇಕಾಗಿಲ್ಲ, ವಹಿಯ ಲೆಕ್ಕವೂ ಸರಿಯಾಗಿರುತ್ತದೆ. ಎರಡು, ತುರ್ತಿಗೆ ಒಂದು ಡಬ್ಬಿ. ನಮ್ಮ ಎಂಟು ಪ್ರಶಿಕ್ಷಣಾರ್ಥಿಗಳು ತಲಾ 25 ರೂಪಾಯಿ ಹಾಕಿ ಜನೌಷಧಿ ಕೇಂದ್ರದಿಂದ 200 ಪ್ಯಾಡ್ ತಂದರು. ಡಬ್ಬಿಯನ್ನು ಹುಡುಗಿಯರ ಶೌಚಾಲಯದ ಒಳಗೋಡೆಯ ಬಳಿ ಇಟ್ಟರು. ಸಹಿ ಇಲ್ಲ, ಹೆಸರು ಇಲ್ಲ. ವಾರಕ್ಕೊಮ್ಮೆ ಇಬ್ಬರು ಹುಡುಗಿಯರು ಎಷ್ಟು ಉಳಿದಿದೆ ಎಂದು ಮಾತ್ರ ಎಣಿಸುತ್ತಾರೆ.

ಮೊದಲು ಇಟ್ಟ 50 ಪ್ಯಾಡ್ ಎರಡೇ ದಿನದಲ್ಲಿ ಮುಗಿದವು. ಶಿಕ್ಷಕರ ಕೊಠಡಿಯಲ್ಲಿ "ನೋಡಿ, ಮನೆಗೆ ಹೊತ್ತುಕೊಂಡು ಹೋಗ್ತಾರೆ" ಎಂಬ ಮಾತು ಬಂತು. ಪ್ರಶಿಕ್ಷಣಾರ್ಥಿ ಮೆಲ್ಲಗೆ, "ಹೌದು ಸರ್, ಮನೆಯಲ್ಲಿ ಅಕ್ಕನೂ ಇರ್ತಾಳೆ" ಎಂದರು. ಮತ್ತೆ 50 ಇಟ್ಟರು. ಅವು ಐದು ದಿನ ಬಂದವು. ಮೂರನೆಯ ವಾರದ ಕೊನೆಗೆ ಎಣಿಸಿದಾಗ ಡಬ್ಬಿಯಲ್ಲಿ ಇನ್ನೂ 18 ಉಳಿದಿದ್ದವು. ನಾಳೆಯೂ ಸಿಗುತ್ತದೆ ಎಂಬ ನಂಬಿಕೆ ಬಂದ ಮೇಲೆ ಕೂಡಿಟ್ಟುಕೊಳ್ಳುವ ಆತುರ ಕಡಿಮೆಯಾಯಿತು ಎಂದು ನಾವು ತಿಳಿದೆವು. ಒಂದು ಶಾಲೆಯ ಮೂರು ವಾರದಿಂದ ದೊಡ್ಡ ತೀರ್ಮಾನಕ್ಕೆ ಬರಲು ಸಾಧ್ಯವಿಲ್ಲ ಎಂಬುದೂ ನಿಜ.

ಅಷ್ಟರಲ್ಲಿ ನಮ್ಮ ಅಭ್ಯಾಸ ಬೋಧನೆಯ ಅವಧಿ ಮುಗಿಯಿತು. ಡಬ್ಬಿಯನ್ನು ತುಂಬುವ ಹೊಣೆಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಡುವುದಾಗಿ ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಪ್ರಶಿಕ್ಷಣಾರ್ಥಿಗಳ ಜೇಬಿನ ದುಡ್ಡಿನಿಂದ ನಡೆಯುವ ಡಬ್ಬಿ ಒಂದು ಆರಂಭ ಮಾತ್ರ. ಅದು ವ್ಯವಸ್ಥೆಯ ಜಾಗವನ್ನು ತುಂಬಲಾರದು.

ಮೌಲ್ಯಮಾಪನ: ಮಕ್ಕಳದ್ದು ಮತ್ತು ನನ್ನದು

ಮಕ್ಕಳ ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆವು: 'ನಿಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಪ್ಯಾಡ್ ಲಭ್ಯತೆಯ ಬಗ್ಗೆ ಲೆಕ್ಕ ಸಮೇತ ಒಂದು ಮನವಿ ಬರೆಯಿರಿ.' ಬಹುತೇಕ ಮಕ್ಕಳು 20 ಮತ್ತು 10ರ ನಡುವಿನ ಅಂತರವನ್ನು ಸರಿಯಾಗಿ ಬಳಸಿದರು. ಹುಡುಗರೂ ಬರೆದರು. ನೀರಿಲ್ಲದ ಶೌಚಾಲಯದ ಬಗ್ಗೆ ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಮಕ್ಕಳು ಬರೆದರು. ಮುಂದಿನ ಬಾರಿ ನೀರಿನಿಂದಲೇ ಪಾಠ ಆರಂಭಿಸಬಹುದು ಎಂದು ಟಿಪ್ಪಣಿ ಮಾಡಿಕೊಂಡಿದ್ದೇವೆ.

ನನ್ನ ಮೌಲ್ಯಮಾಪನವೂ ಬದಲಾಗಬೇಕಾಯಿತು. ನಮ್ಮ ವೀಕ್ಷಣಾ ಪತ್ರದಲ್ಲಿ ಪೀಠಿಕೆ, ನಿರೂಪಣೆ, ಪ್ರಶ್ನಿಸುವ ಕೌಶಲ, ಹಲಗೆ ಬಳಕೆ, ಸಮಯ ಪಾಲನೆ ಎಲ್ಲಕ್ಕೂ ಅಂಕಣವಿದೆ. ಆರೋಗ್ಯ, ಆಹಾರ, ಸ್ವಚ್ಛತೆಯ ಪಾಠಗಳನ್ನು ನೋಡುವಾಗ ಈಗ ನಾನು ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸುತ್ತೇನೆ: 'ಈ ಪಾಠದ ಸಲಹೆಯನ್ನು ತರಗತಿಯ ಅತಿ ಬಡ ಮಗು ಇಂದು ಸಂಜೆ ಪಾಲಿಸಬಲ್ಲದೇ? ಇಲ್ಲವಾದರೆ ಬೋಧಕರು ಅದಕ್ಕೆ ಏನು ಹೇಳಿದರು?'

ಮುಂದಿನ ತಂಡದ ಚರ್ಚೆಗೆ

1. 'ದಿನವೂ ಹಾಲು, ಮೊಟ್ಟೆ, ಹಣ್ಣು ತಿನ್ನಬೇಕು' ಎಂಬ ಪೌಷ್ಟಿಕ ಆಹಾರದ ಪಾಠವನ್ನು ಇದೇ ರೀತಿ ಬೆಲೆಯ ಲೆಕ್ಕದೊಂದಿಗೆ ಮರುಯೋಜಿಸಿ.
2. ನಿಮ್ಮ ಅಭ್ಯಾಸ ಶಾಲೆಯಲ್ಲಿ ಪ್ಯಾಡ್ ಎಲ್ಲಿದೆ, ಕೀಲಿ ಯಾರ ಬಳಿ ಇದೆ, ಅದನ್ನು ಪಡೆಯಲು ಒಬ್ಬ ಹುಡುಗಿ ಎಷ್ಟು ಜನರೊಂದಿಗೆ ಮಾತನಾಡಬೇಕು ಎಂದು ಗಮನಿಸಿ ಬನ್ನಿ. ಯಾವ ಮಗುವನ್ನೂ ನೇರವಾಗಿ ಕೇಳಬೇಡಿ.
3. ಪುರುಷ ಪ್ರಶಿಕ್ಷಣಾರ್ಥಿಗೆ ಈ ಪಾಠ ಬಂದರೆ ಯಾವ ಹಂತವನ್ನು ಹೇಗೆ ಬದಲಿಸುತ್ತೀರಿ? ಬದಲಿಸಬೇಕೇ?
4. ಚೀಟಿಯಲ್ಲಿ ಬಂದ ಪ್ರಶ್ನೆಗೆ, ಬರೆದವರು ಯಾರೆಂದು ತೋರಿಸಿಕೊಡದೆ, ನೀವು ತರಗತಿಯಲ್ಲಿ ಏನು ಉತ್ತರಿಸುತ್ತಿದ್ದಿರಿ? ಐದು ವಾಕ್ಯಗಳಲ್ಲಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ನಮ್ಮ ಪ್ರಶಿಕ್ಷಣಾರ್ಥಿ ತರಗತಿಯಲ್ಲಿ ಕೊಟ್ಟ ಉತ್ತರ ಇಷ್ಟು: "ತುಂಬ ಹೊತ್ತು ಒಂದೇ ಪ್ಯಾಡು ಇಟ್ಟುಕೊಂಡರೆ ತುರಿಕೆ, ಸೋಂಕು ಆಗಬಹುದು. ಹಾಗೇನಾದರೂ ಆದರೆ ಆಶಾ ಅಕ್ಕನಿಗೋ ಆರೋಗ್ಯ ಕೇಂದ್ರದಲ್ಲೋ ಹೇಳಿ, ಅವರು ಬೈಯಲ್ಲ. ಪ್ಯಾಡು ಸಾಲದಿದ್ದರೆ ಮನೆಯಲ್ಲಿದ್ದಾಗ ಒಣಗಿದ ಬಟ್ಟೆ ಬಳಸಿ, ಪ್ಯಾಡನ್ನು ಶಾಲೆಗೆ ಇಟ್ಟುಕೊಳ್ಳಿ. ಬಟ್ಟೆಗೆ ಬಿಸಿಲು ಬೀಳಲಿ. ಪ್ಯಾಡು ಕಡಿಮೆ ಬಿದ್ದರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ಅಮ್ಮನ ತಪ್ಪೂ ಅಲ್ಲ."